ಬರೆದ ಕಿಟಕಿಗಳು

ಜನವರಿ 9

ತಮ್ಮನಿಗೆ,

ಪರದೆ ಮನೆಯಿಂದ ನಿನ್ನ ಅಕ್ಕ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಹಿಂದಿನ ಗೋಡೆಯೊಂದನ್ನು ಬಿಟ್ಟು.

ಆ ಗೋಡೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದೆ. ಸೂರಿನಿಂದ ನೆಲದವರೆಗೆ ಕೈ ತೂರುವಷ್ಟು ಬಿರುಕು. ಹೋದ ವಾರ ನಗರಸಭೆಯವರು ಬಂದು ಹಿಂಬಾಗಿಲಿಗೆ ನೋಟೀಸು ಅಂಟಿಸಿದರು. ಜೂನ್ ಮುಗಿಯುವುದರೊಳಗೆ ಗೋಡೆ ಕೆಡವಿ ಕಟ್ಟದಿದ್ದರೆ ಕಟ್ಟಡಕ್ಕೆ ಬೀಗವಂತೆ. ನಾಟಕದ ಪರದೆ ಹಾಸಿ ಬಣ್ಣ ಹಚ್ಚುವಷ್ಟು ದೊಡ್ಡ ಜಾಗ ಈ ಊರಿನಲ್ಲಿ ಇನ್ನೊಂದಿಲ್ಲ. ನಾಟಕದವರಿಗೆ ಅರಮನೆ, ಕಾಡು, ಬೀದಿ, ಸಮುದ್ರ ಬರೆದುಕೊಡುವ ಕೆಲಸ ಅಪ್ಪನ ಕಾಲದಿಂದ ನಡೆದುಬಂದು ನನ್ನ ಕೈಯಲ್ಲಿ ನಿಂತುಹೋಯಿತು ಎಂದಾಗುತ್ತದೆ. ಜೀವನವಿಡೀ ಆಕಾಶವನ್ನೇ ಬರೆದ ನಮ್ಮ ಆಕಾಶದ ಮೇಸ್ತ್ರಿ ನೋಟೀಸನ್ನು ಓದಿಸಿಕೊಂಡು, "ನನ್ನ ಆಕಾಶಾನ ಎಲ್ಲಿಗೆ ಎತ್ಕೊಂಡು ಹೋಗ್ಲಿ ಮಗಳೇ?" ಅಂದರು.

ನಿಮ್ಮ ಸಂಸ್ಕೃತಿ ಇಲಾಖೆ ಊರೂರಿನ ಕಲೆಗಳಿಗೆ ನೆರವು ಕೊಡುತ್ತದಂತಲ್ಲ, 'ಪ್ರಾದೇಶಿಕ ಸಾಂಸ್ಕೃತಿಕ ಪುನಶ್ಚೇತನ ಯೋಜನೆ' ಅಂತ? ಗ್ರಂಥಾಲಯದಾಕೆ ಪೇಪರಿನಲ್ಲಿ ನೋಡಿ ಹೇಳಿದಳು. ಹೆಸರು ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಾಫಿ ಆರಿಹೋಯಿತು. ಅಲ್ಲವೋ, ಪುನಶ್ಚೇತನ ಅಂದರೆ ಪ್ರಜ್ಞೆ ತಪ್ಪಿದವರ ಮುಖಕ್ಕೆ ನೀರು ಚಿಮುಕಿಸುವುದಲ್ಲವೇ? ನಾವು ಯಾವಾಗ ಪ್ರಜ್ಞೆ ತಪ್ಪಿದೆವು? ಇಂಥ ಪದವನ್ನು ಯಾವ ಪುಣ್ಯಾತ್ಮ ಹುಡುಕಿದನೋ!

ನಿನ್ನ ಶಿಫಾರಸು ಬೇಡ. ಅರ್ಜಿ ಹೇಗೆ ಹಾಕಬೇಕು, ಅಷ್ಟು ಹೇಳು. ಗೀಚುವ ಕೆಲಸ ನಿನ್ನದು ತಾನೇ? ಕುಂಚದಲ್ಲಿ ಮಾಡಿದರೆ ಬರೆಯುವುದು, ಪೆನ್ನಿನಲ್ಲಿ ಮಾಡಿದರೆ ಗೀಚುವುದು ಎನ್ನುತ್ತಿದ್ದರು ಅಪ್ಪ. ಕುದುರೆ ಬರೆ ಎಂದರೆ ನೀನು ಮೇಕೆ ಬರೆದೆ. ಅವತ್ತೇ ನಿನ್ನ ಕೈಗೆ ಪೆನ್ನು ಕೊಟ್ಟು, "ನೀನು ಗೀಚಪ್ಪಾ" ಅಂದರು. ಪರದೆ ಮನೆಯಲ್ಲಿ ಇವತ್ತಿಗೂ ಅದೇ ಮಾತು. ಈ ಕಾಗದವನ್ನೂ ನಾನು ಗೀಚುತ್ತಿದ್ದೇನೆ ಅಷ್ಟೆ.

ನಿನ್ನ ಅಕ್ಕ


ಜನವರಿ 17

ಅಕ್ಕನಿಗೆ,

ಕಾಗದ ಬಂತು. ಗೋಡೆಯ ಸುದ್ದಿ ಓದಿ ಕಳವಳವಾಯಿತು.

ಮೊದಲು ಒಂದು ವಿಷಯ. ಯೋಜನೆ ನಮ್ಮ ಇಲಾಖೆಯದೇ. ಆದರೆ ನೀನು ಅರ್ಜಿ ಹಾಕುವುದಾದರೆ ನಾನು ಆ ಕಡತವನ್ನು ಮುಟ್ಟುವಂತಿಲ್ಲ. ಅರ್ಜಿದಾರರಲ್ಲಿ ನನ್ನ ಅಕ್ಕ ಇರುತ್ತಾಳೆ ಎಂದು ಮೇಲಿನವರಿಗೆ ಈಗಾಗಲೇ ಹೇಳಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ, ನನಗೆ ಬೇರೆ ಕೆಲಸ ಬೇಕಾದಷ್ಟಿದೆ.

ಇನ್ನು ಯಾರು ಕೇಳಿದರೂ ಹೇಳುವಷ್ಟನ್ನು ನಿನಗೂ ಹೇಳುತ್ತೇನೆ. ಅರ್ಜಿಯನ್ನು ಈ ತಿಂಗಳಲ್ಲೇ ಕಳಿಸು. ಆಮೇಲೆ ಸಮಿತಿಯ ಪರವಾಗಿ ಒಬ್ಬ ಇಂಜಿನಿಯರ್ ಬಂದು ನೋಡಿ ವರದಿ ಕೊಡುತ್ತಾರೆ. ಅವರು ಬರುವುದರೊಳಗೆ ಹಿಂದಿನ ಗೋಡೆಯನ್ನು ಪೂರ್ತಿಯಾಗಿ ಬರೆ. ಒಂದು ಬಿರುಕನ್ನೂ ಬಿಡಬೇಡ. ನಿನಗೆ ಮೊದಲಿನಿಂದಲೂ ಸಂಕೋಚ ಜಾಸ್ತಿ, ಈ ಸಲ ಅದನ್ನು ಪಕ್ಕಕ್ಕಿಟ್ಟು, ನೋಡಿದವರ ಎದೆ ಝಲ್ಲೆನ್ನುವ ಹಾಗೆ ಬರೆ. ಎಲ್ಲವೂ ಆ ಗೋಡೆಯ ಮೇಲೆ ನಿಂತಿದೆ.

ಪುನಶ್ಚೇತನ ಎಂಬ ಪದದ ಜೊತೆ ಜಗಳಕ್ಕೆ ನಿಲ್ಲಬೇಡ. ಆ ಪದ ಇಟ್ಟವನು ಯೋಚನೆ ಮಾಡಿಯೇ ಇಟ್ಟಿರುತ್ತಾನೆ.

ನಿನ್ನ ತಮ್ಮ


ಫೆಬ್ರವರಿ 6

ತಮ್ಮನಿಗೆ,

ಅರ್ಜಿ ಹೋಯಿತು. ಅದರಲ್ಲಿ 'ನಶಿಸುತ್ತಿರುವ ಕಲೆಯ ಹೆಸರು' ಎಂದು ಒಂದು ಸಾಲಿತ್ತು. 'ನಶಿಸುತ್ತಿರುವ' ಎನ್ನುವುದನ್ನು ಹೊಡೆದುಹಾಕಿ 'ನಡೆಯುತ್ತಿರುವ' ಎಂದು ಮಾಡಿ, ಕೆಳಗೆ 'ರಂಗಪರದೆ' ಎಂದು ಗೀಚಿದೆ. ಕಟ್ಟಡದ ಸ್ಥಿತಿ ಎಂಬಲ್ಲಿ 'ಹಳೆಯದು, ಬಂದು ನೋಡಿ' ಎಂದೆ. ನಾವೇನು ಮುಚ್ಚಿಡುವವರೇ?

ನೀನು ಹೇಳಿದ ಹಾಗೇ ಹಿಂದಿನ ಗೋಡೆ ಪೂರ್ತಿ ಬರೆದಾಯಿತು. ಒಂದು ಬಿರುಕನ್ನೂ ಬಿಟ್ಟಿಲ್ಲ. ನಾನೊಬ್ಬಳೇ ಅಲ್ಲ, ಮೇಸ್ತ್ರಿಯವರೂ ಹಟ ಹಿಡಿದು ಜೊತೆಗೆ ಕೂತರು. ಸತ್ಯ ಹೇಳುತ್ತೇನೆ, ಈ ಮನೆಯಲ್ಲಿ ಅಪ್ಪ ಹೋದಮೇಲೆ ಇಂಥ ಕೆಲಸ ಆಗಿರಲಿಲ್ಲ. ನೀನು ನಮ್ಮನ್ನು ಮರೆತಿದ್ದೀಯ ಎಂದುಕೊಂಡಿದ್ದೆ. ಗೋಡೆ ಬರೆ ಎಂದು ನಿನಗೆ ಹೊಳೆಯಿತಲ್ಲ, ಆ ಒಂದು ಮಾತಿಗೆ ನಿನ್ನ ಹಳೆಯ ತಪ್ಪೆಲ್ಲ ಮಾಫಿ. ಹೇಗೆ ಬರೆದೆವು ಎಂದು ಮಾತ್ರ ಹೇಳುವುದಿಲ್ಲ. ಇಂಜಿನಿಯರ್ ನೋಡಲಿ, ಆಮೇಲೆ ನೀನೇ ಬಂದು ನೋಡು.

ನಿನ್ನ ಅಕ್ಕ


ಫೆಬ್ರವರಿ 15

ಅಕ್ಕನಿಗೆ,

ಗೋಡೆ ಬರೆದದ್ದು ಕೇಳಿ ನೆಮ್ಮದಿಯಾಯಿತು. ಅರ್ಧ ಕೆಲಸ ಮುಗಿದ ಹಾಗೆ.

ಒಂದೇ ಆಶ್ಚರ್ಯ. ಆಕಾಶದ ಮೇಸ್ತ್ರಿಯವರಿಗೆ ಬರೆಯಲು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ! ಈ ವಯಸ್ಸಿನಲ್ಲಿ ಕಲಿತರೇ? ನಿಜವಾಗಿಯೂ ಮೆಚ್ಚಬೇಕು. ಆದರೂ ಅಲ್ಲಲ್ಲಿ ತಪ್ಪುಗಳು ನುಸುಳಿರಬಹುದು. ಹೈಸ್ಕೂಲಿನ ಮೇಷ್ಟರಿಗೆ ಒಮ್ಮೆ ತೋರಿಸಿ ತಿದ್ದಿಸಿಬಿಡು.

ನಿನ್ನ ತಮ್ಮ


ಫೆಬ್ರವರಿ 24

ತಮ್ಮನಿಗೆ,

ನಿನ್ನ ಕಾಗದವನ್ನು ಎಲ್ಲರೆದುರು ಜೋರಾಗಿ ಓದಿದ್ದು ನನ್ನದೇ ತಪ್ಪು.

ಮೇಸ್ತ್ರಿಯವರಿಗೆ ಬರೆಯಲು ಬರುತ್ತದೆ ಎಂದು ನಿನಗೆ ಗೊತ್ತಿರಲಿಲ್ಲವೇ? ಯಾರ ಹೆಗಲ ಮೇಲೆ ಕೂತು ಮೋಡ ಎಣಿಸುತ್ತಿದ್ದೆ ನೀನು? ಹೈಸ್ಕೂಲಿನ ಮೇಷ್ಟರು ಬಂದು ಅವರ ಆಕಾಶ ತಿದ್ದಬೇಕೇ? ಪಾಪ, ಅವರು ಕುಂಚ ತೊಳೆದಿಟ್ಟು, "ದೊಡ್ಡ ಊರಿಗೆ ಹೋದವ್ನು, ದೊಡ್ಡ ದೊಡ್ಡೋರ ಕೆಲಸ ನೋಡಿರ್ತಾನೆ ಬಿಡು" ಎಂದು ಮನೆಗೆ ಹೋದರು. ಎರಡು ದಿನ ಬರಲಿಲ್ಲ. ನಾನೇ ಹೋಗಿ ಕರೆತಂದೆ. ಕೆಲಸದಲ್ಲಿ ದೊಡ್ಡವನಾಗು, ಬೇಡ ಅನ್ನುವುದಿಲ್ಲ. ತಲೆ ಅಷ್ಟು ದೊಡ್ಡದಾಗಬಾರದು.

ಇಷ್ಟು ಬೈದ ಮೇಲೆ ಒಳ್ಳೆಯ ಸುದ್ದಿ. ನಿಮ್ಮ ಇಂಜಿನಿಯರ್ ಬಂದಿದ್ದರು. ಹೆಂಗಸು, ಸಣ್ಣ ಆಳು, ನೇರ ಮಾತು. ಅವತ್ತು ಹಿತ್ತಲಿನ ಅಂಗಳದ ತುಂಬ ಸಮುದ್ರದ ಪರದೆ ಹಾಸಿತ್ತು. ಬಣ್ಣ ಇನ್ನೂ ಹಸಿ, ದಾಟಿ ಹೋಗಲು ಹಾದಿಯಿಲ್ಲ. ಹಾಗಾಗಿ ಮೇಡಂ ಅವರನ್ನು ಪಕ್ಕದ ಓಣಿಯಿಂದ ಸುತ್ತಿಸಿ ಅಂಗಳದ ಆ ತುದಿಯಲ್ಲಿರುವ ಕೊನೇ ಬೆಂಚಿನ ಮೇಲೆ ಕೂರಿಸಿದೆ. ಗೊತ್ತಲ್ಲ, ಅಲ್ಲಿ ಕೂತು ನೋಡಿ ಸರಿಯಿದೆ ಎನ್ನುವವರೆಗೆ ಅಪ್ಪ ಯಾವ ಪರದೆಯನ್ನೂ ಹೊರಗೆ ಕಳಿಸುತ್ತಿರಲಿಲ್ಲ. ಅಲ್ಲಿಂದ ಮೇಡಂ ಗೋಡೆ ನೋಡಿದರು. ನೋಡಿದರು, ನೋಡಿದರು, ಕಾಫಿ ಕುಡಿಯುವುದನ್ನೇ ಮರೆತರು. "ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ! ಗಾಳಿ, ಬೆಳಕು, ಒಂದಕ್ಕೂ ಕೊರತೆ ಇಲ್ಲ" ಅಂದರು. ಇದಕ್ಕಿಂತ ದೊಡ್ಡ ಹೊಗಳಿಕೆ ನಮ್ಮ ಕೆಲಸಕ್ಕೆ ಇನ್ನೇನಿದೆ? ಒಳಗೆ ಅದೇ ಗೋಡೆಗೆ ಸೂರಿನಿಂದ ನೆಲದವರೆಗೆ ಇಳಿಬಿಟ್ಟ ಹಳೆಯ ಅರಮನೆಗಳನ್ನೂ ನೋಡಿದರು. ಹೋಗುವಾಗ ನನ್ನ ಕೈ ಕುಲುಕಿದರು. ಅವರ ಕೈಗೂ ಸ್ವಲ್ಪ ನೀಲಿ ಹತ್ತಿತು.

ನೆರವು ಬಂದೇ ಬರುತ್ತದೆ. ನನಗೆ ಅನುಮಾನವಿಲ್ಲ.

ನಿನ್ನ ಅಕ್ಕ


ಏಪ್ರಿಲ್ 2

ಅಕ್ಕನಿಗೆ,

ಪರದೆ ಮನೆಯ ಅರ್ಜಿ ತಿರಸ್ಕಾರವಾಗಿದೆ. ಆಯ್ಕೆಯ ಪಟ್ಟಿಯನ್ನು ಕಾರಣದ ಸಮೇತ ಎಲ್ಲರಿಗೂ ಕಾಣುವ ಹಾಗೆ ಹೊರಗೆ ಹಾಕಿದ್ದಾರೆ. ಉಳಿದವರ ಹಾಗೆ ನಾನೂ ಅಲ್ಲೇ ನಿಂತು ಓದಿದೆ. 'ಕಟ್ಟಡ ಸುಭದ್ರವಾಗಿದೆ. ಹಿಂಗೋಡೆಯಲ್ಲಿ ಒಂಬತ್ತು ಕಿಟಕಿಗಳಿದ್ದು ಗಾಳಿ ಬೆಳಕು ಯಥೇಚ್ಛ. ದುರಸ್ತಿಯ ಅಗತ್ಯ ಕಂಡುಬಂದಿಲ್ಲ.'

ನಾನು ಹುಟ್ಟಿ ಬೆಳೆದ ಮನೆಯ ಹಿಂದಿನ ಗೋಡೆಯಲ್ಲಿ ಇದ್ದದ್ದು ನಾಲ್ಕು ಕಿಟಕಿ. ಒಂಬತ್ತು ಎಲ್ಲಿಂದ ಬಂದವು? ಗೋಡೆಯನ್ನು ಆಗಲೇ ಕಟ್ಟಿಸಿಯಾಗಿತ್ತೇ? ಕಟ್ಟಿಸಿದ್ದರೆ ಬೀಳುವ ಕಟ್ಟಡಕ್ಕೆಂದು ಇಟ್ಟ ನೆರವಿಗೆ ಯಾಕೆ ಕೈ ಚಾಚಿದೆ? ಅಕ್ಕ ಅರ್ಜಿದಾರಳು ಎಂದು ಇಲ್ಲಿ ಎಲ್ಲರಿಗೂ ನಾನೇ ಹೇಳಿದ್ದೇನೆ. ನಾನು ತಲೆ ಎತ್ತಿ ಓಡಾಡಬೇಕು. ಇದಕ್ಕಿಂತ ಹೆಚ್ಚು ಹೇಳಲು ಮನಸ್ಸಿಲ್ಲ.

ತಮ್ಮ


ಏಪ್ರಿಲ್ 8

ತಮ್ಮನಿಗೆ,

ಬರೆ ಎಂದವನು ನೀನು! ನಿನ್ನ ಕಾಗದ ನನ್ನ ಮುಂದೆಯೇ ಇದೆ. 'ಹಿಂದಿನ ಗೋಡೆಯನ್ನು ಪೂರ್ತಿಯಾಗಿ ಬರೆ. ಒಂದು ಬಿರುಕನ್ನೂ ಬಿಡಬೇಡ.' ಬರೆದೆವು! ಒಂದು ಬಿರುಕನ್ನೂ ಬಿಡಲಿಲ್ಲ!

ಹೇಗೆ ಬರೆದೆವು ಎಂದು ಈಗ ಹೇಳುತ್ತೇನೆ, ಕೇಳು. ಸೂರಿನಿಂದ ಇಳಿದ ದೊಡ್ಡ ಬಿರುಕಿನ ಪಕ್ಕಕ್ಕೆ ಅರ್ಧ ತೆರೆದ ಕಿಟಕಿಗಳನ್ನು ಒಂದರ ಕೆಳಗೊಂದು ಕೂರಿಸಿದೆ. ಬಿರುಕು ಈಗ ಕಿಟಕಿ ಬಾಗಿಲ ಅಂಚಿನ ನೆರಳು. ಅಡ್ಡಬಿರುಕಿನ ಮೇಲೆ ಬಳ್ಳಿ ಹಬ್ಬಿಸಿದೆ. ಗೋಡೆ ಹೊಟ್ಟೆ ಬಿಟ್ಟ ಕಡೆ ಎರಡು ದುಂಡು ಕಂಬ ಬರೆದೆ. ಆ ಉಬ್ಬು ಕಂಬಕ್ಕೇ ಬೇಕಾಗಿತ್ತು ಅನ್ನಿಸುತ್ತದೆ. ಕಿಟಕಿಯ ಗಾಜಿನಲ್ಲಿ ಎದುರಿನ ಆಕಾಶ ಕಾಣಬೇಕಲ್ಲ, ಅದು ಮೇಸ್ತ್ರಿಯವರ ಕೈ. ಬೆಳಗಿನ ಹೊತ್ತು ನಿಜವಾದ ನಾಲ್ಕು ಕಿಟಕಿಗಳಿಗಿಂತ ನಮ್ಮ ಐದರಲ್ಲೇ ಬೆಳಕು ಜಾಸ್ತಿ. ಪಾರಿವಾಳಗಳು ಬಂದು ಕಟ್ಟೆಯ ಮೇಲೆ ಕೂರಲು ಹೋಗಿ ಜಾರಿ ಬೀಳುತ್ತವೆ. ಸಮಿತಿಯವರು ನಮ್ಮ ಕೈ ಹೇಗಿದೆ ಎಂದು ನೋಡಲು ಬರುತ್ತಾರೆ ಎಂದುಕೊಂಡೆ. ಪರದೆ ಬರೆಯುವವರ ಮನೆ ಇದು, ಬಾಗಿಲ ಮೇಲೆ ಅಷ್ಟು ದೊಡ್ಡದಾಗಿ ಹಾಕಿದೆ. ಇಲ್ಲಿನ ಕಿಟಕಿಯನ್ನು ಯಾರಾದರೂ ಕಿಟಕಿ ಎಂದು ನಂಬುತ್ತಾರೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಮತ್ತೆ ನಗರಸಭೆಯ ನೋಟೀಸು. ಅದರ ನಕಲನ್ನು ನಾನು ಅರ್ಜಿಯ ಜೊತೆ ಕಳಿಸಲಿಲ್ಲ. ನಮ್ಮ ಬಾಗಿಲಿಗೆ ಬಡಿದ ಅವಮಾನವನ್ನು ನಿನ್ನ ಆಫೀಸಿನವರ ಮೇಜಿನ ಮೇಲೆ ಹರಡಬೇಕೇ? ನಿನ್ನ ಮನೆಯ ಮಾನ ಎಂದುಕೊಂಡು ತಡೆದೆ.

ನನ್ನನ್ನು ಮೋಸಗಾತಿ ಅಂದೆಯಲ್ಲ. ನೇರವಾಗಿ ಅನ್ನಲಿಲ್ಲ ಸರಿ. ನಿನಗೆ ಗೀಚಲು ಚೆನ್ನಾಗಿ ಬರುತ್ತದೆ, ಅನ್ನದೆಯೇ ಅಂದೆ. ಅದರಿಂದ ನನಗೆ ತುಂಬಾ ನೋವಾಯಿತು. ಗೋಡೆ ಕೆರೆದು ಬಿರುಕು ತೋರಿಸು ಎಂದು ಮಾತ್ರ ಹೇಳಬೇಡ. ಬೀಗ ಬೀಳಲಿ, ನಾನು ಕೆರೆಯುವುದಿಲ್ಲ. ಇಷ್ಟು ವರ್ಷದಲ್ಲಿ ನಾವು ಬರೆದದ್ದರಲ್ಲೆಲ್ಲ ಇದೇ ಒಳ್ಳೆಯದು.

ಅಕ್ಕ


ಏಪ್ರಿಲ್ 14

ಅಕ್ಕಾ,

ನಿನ್ನ ಕಾಗದವನ್ನು ಆಫೀಸಿನ ಮೆಟ್ಟಿಲ ಮೇಲೆ ನಿಂತು ಓದಿದೆ. 'ಬರೆದೆವು!' ಎನ್ನುವಲ್ಲಿಗೆ ಬಂದಾಗ ಅಲ್ಲೇ ಕೂತುಬಿಟ್ಟೆ. ನಗು ಬಂತೋ ಅಳು ಬಂತೋ ಗೊತ್ತಿಲ್ಲ, ಹಾದುಹೋಗುವವರು ನಿಂತು ನೀರು ಬೇಕೇ ಎಂದು ಕೇಳಿದರು.

ಇಂಜಿನಿಯರ್ ಕೈಗೆ ಕೊಡಲು ಗೋಡೆಯ ಸ್ಥಿತಿಯನ್ನು ಕಾಗದದಲ್ಲಿ ವಿವರವಾಗಿ ಬರೆ ಎಂಬುದು ನನ್ನ ಅರ್ಥವಾಗಿತ್ತು. ಗೀಚು ಎನ್ನಬೇಕಾಗಿತ್ತು. ನೀನು ಮೊದಲ ಕಾಗದದಲ್ಲೇ ನೆನಪು ಮಾಡಿದ್ದೆ, ನಾನು ತಮಾಷೆ ಎಂದು ಓದಿ ಮುಂದೆ ಹೋದೆ. ನಮ್ಮ ಮನೆಯ ಮಾತನ್ನು ನಾನೇ ಮರೆತಿದ್ದೆ. ನೀನು ಸರಿಯಾಗಿಯೇ ಕೇಳಿಸಿಕೊಂಡಿದ್ದೀಯ, ತಪ್ಪು ನನ್ನದು. ನಿನ್ನ ಮೇಲೆ ಸಂಶಯಪಟ್ಟದ್ದಕ್ಕೂ ಕ್ಷಮಿಸು. ಮೇಸ್ತ್ರಿಯವರಿಗೆ ಏನು ಹೇಳಲಿ? ಅವರ ಕಾಲಿಗೆ ಬೀಳಲು ನಾನೇ ಬರುತ್ತೇನೆ ಎಂದು ಹೇಳು.

ತಿರಸ್ಕಾರವಾದವರು ಮರುಪರಿಶೀಲನೆ ಕೇಳಬಹುದು, ಎಲ್ಲರಿಗೂ ಆ ಹಕ್ಕಿದೆ. ಕೂಡಲೇ ಕೇಳು, ನೋಟೀಸಿನ ನಕಲನ್ನೂ ಜೊತೆಗಿಡು. ನೋಟೀಸಿನಲ್ಲಿ ನಾಚಿಕೆ ಏನೂ ಇಲ್ಲ, ಗೋಡೆಗೆ ವಯಸ್ಸಾಗಿದೆ ಅಷ್ಟೆ. ನಿರ್ದೇಶಕರ ಎದುರು ಇಂಜಿನಿಯರ್ ಅವರನ್ನೂ ಕೂರಿಸಿಕೊಂಡು ನಾನು ಸ್ವಲ್ಪ ವಿವರಿಸಿದೆ. ನಾನು ಅರ್ಜಿದಾರರ ತಮ್ಮ, ನನ್ನ ಮಾತು ನಂಬಬೇಡಿ, ಹೋಗಿ ಆ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ ಎಂದೆ. ಅಷ್ಟೇ.

ಏನನ್ನೂ ಕೆರೆಯಬೇಡ. ಅಂಗಳದಲ್ಲಿ ಹಸಿ ಪರದೆ ಮಾತ್ರ ಹಾಸಬೇಡ.

ನಿನ್ನ ತಮ್ಮ


ಮೇ 9

ಅಕ್ಕಾ,

ಯಾಕೆ ಸುದ್ದಿಯಿಲ್ಲ? ಇಂಜಿನಿಯರ್ ಬಂದರೇ? ನಾನು ಯಾರನ್ನೂ ಕೇಳುವಂತಿಲ್ಲ. ಎರಡು ಸಾಲು ಬರೆ.

ಅಯ್ಯೋ, ಗೀಚು. ಗೀಚು.

ತಮ್ಮ


ಮೇ 21

ನನ್ನ ತಮ್ಮನಿಗೆ,

ಬೇಕೆಂದೇ ತಡ ಮಾಡಿದೆ. ಕೈಗೆ ಆದೇಶ ಬರುವವರೆಗೆ ಏನೂ ಗೀಚಬಾರದು ಎಂದುಕೊಂಡಿದ್ದೆ. ಇವತ್ತು ಬಂತು. ಗೋಡೆಗೆ ನೆರವು ಸಿಕ್ಕಿದೆ. ನಗರಸಭೆಯವರು ಬಂದು ಅವರೇ ಅಂಟಿಸಿದ ನೋಟೀಸನ್ನು ಅವರೇ ಕಿತ್ತುಕೊಂಡು ಹೋದರು. ಬೀಗ ಬೀಳುವುದಿಲ್ಲ. ಮೇಸ್ತ್ರಿಯವರು ಬೆಳಗಿನಿಂದ ಎಲ್ಲರಿಗೂ ಕಾಫಿ ಕುಡಿಸುತ್ತಿದ್ದಾರೆ.

ಮೇಡಂ ಬಂದದ್ದು ಮೇ ಮೊದಲ ವಾರ. ಈ ಸಲ ಅಂಗಳ ಖಾಲಿ. ಮಡಚಿದ ಒಂದು ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ನೇರ ಗೋಡೆಗೇ ಹೋದರು. ಹಾಳೆ ನೋಡುತ್ತಾರೆ, ಗೋಡೆ ನೋಡುತ್ತಾರೆ. "ಗೊತ್ತಾಯ್ತು, ಗೊತ್ತಾಯ್ತು, ಇದು ಮಾತ್ರ ನಿಜವಾದ್ದು" ಎಂದು ಹೆಗಲಿನ ಬ್ಯಾಗು ತೆಗೆದು ಒಂದು ಕಿಟಕಿಯ ಕಟ್ಟೆಯ ಮೇಲಿಟ್ಟರು. ಬ್ಯಾಗು ಧೊಪ್ಪೆಂದು ನೆಲಕ್ಕೆ ಬಿತ್ತು! ಬರೆದದ್ದು ಎಂದು ಗೊತ್ತಿದ್ದೂ ಮೋಸಹೋದರು. ಮೇಸ್ತ್ರಿಯವರ ಮುಖ ನೀನು ನೋಡಬೇಕಾಗಿತ್ತು. ನಗಬಾರದು ಎಂದು ಆಕಾಶ ನೋಡುತ್ತಾ ನಿಂತರು.

ಆಮೇಲೆ ಮೇಡಂ ಬಳ್ಳಿಯ ಎಲೆಗಳ ನಡುವೆ ಬೆರಳಾಡಿಸಿದರು. ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಅವರ ನಗು ನಿಂತಿತು. "ಅಮ್ಮಾ, ಇದು ಇನ್ನೂ ನಿಂತಿರೋದೇ ಹೆಚ್ಚು" ಎಂದು ಕೊನೇ ಬೆಂಚಿನ ಮೇಲೆ ಕೂತು ಅಲ್ಲೇ ವರದಿ ಗೀಚಿದರು. ನಡುವೆ ತಲೆ ಎತ್ತಿ, "ಆ ಐದು ಕಿಟಕಿಗೆ ಏನಂತ ಹಾಕ್ಲಿ?" ಅಂದರು. "ಅವು ಬರೆದದ್ದು ಮೇಡಂ" ಅಂದೆ. "ಹಾಗೇ ಹಾಕಿದ್ರೆ ಆಫೀಸಿನಲ್ಲಿ ಯಾರಿಗೆ ಅರ್ಥ ಆಗುತ್ತೆ?" "ಒಬ್ಬರಿಗಾದ್ರೂ ಆಗುತ್ತೆ, ಹಾಕಿ" ಅಂದೆ. ಆದೇಶದಲ್ಲಿ ಅದು ಹಾಗೇ ಬಂದಿದೆ. 'ಹಿಂದಿನ ವರದಿಯಲ್ಲಿ ಹೇಳಿದ ಒಂಬತ್ತು ಕಿಟಕಿಗಳಲ್ಲಿ ಐದು ಬರೆದವು. ಗೋಡೆಯನ್ನು ಕೂಡಲೇ ಕೆಡವಿ ಕಟ್ಟತಕ್ಕದ್ದು.' ಸರ್ಕಾರ ನಮ್ಮ ಮನೆಯ ಮಾತು ಕಲಿಯಿತು ಕಣೋ.

ಹೊರಡುವ ಮುಂಚೆ ಮೇಡಂ ಇನ್ನೊಂದು ವಿಷಯ ಹೇಳಿದರು. ಈ ಯೋಜನೆಯೇ ನಿನ್ನದಂತೆ. ಮೂರು ವರ್ಷ ಬೆನ್ನು ಹಿಡಿದು ಮಾಡಿಸಿದ್ದಂತೆ. ನೋಡಿಕೊಳ್ಳುವ ಜವಾಬ್ದಾರಿಯೂ ನಿನಗೇ ಆಗಿತ್ತಂತೆ. ನಾನು ಅರ್ಜಿ ಹಾಕುತ್ತೇನೆ ಎಂದ ದಿನ ನೀನೇ ಎದ್ದು, ಕಡತವನ್ನು ಬೇರೆಯವರ ಮೇಜಿನ ಮೇಲಿಟ್ಟು ಹೊರಗೆ ಬಂದೆಯಂತೆ. 'ಬೇರೆ ಕೆಲಸ ಬೇಕಾದಷ್ಟಿದೆ' ಎಂದು ನನಗೆ ಗೀಚಿದವನು ನೀನು! ಪುನಶ್ಚೇತನ ಎಂಬ ಪದವನ್ನು ಹುಡುಕಿದ ಪುಣ್ಯಾತ್ಮನೂ ನೀನೇ ಎಂದಾಗ ನನ್ನ ಮುಖಕ್ಕೇ ಯಾರೋ ನೀರು ಚಿಮುಕಿಸಿದ ಹಾಗಾಯಿತು. ನಮ್ಮಂಥ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದನ್ನು ನಮ್ಮ ಮನೆಗೋಸ್ಕರವೇ ಬಿಟ್ಟುಕೊಟ್ಟೆಯಲ್ಲ. ನಿನ್ನ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ಬಣ್ಣದ ಬಟ್ಟೆ ಎಂದು ನೋಡದೆ ಅದರಲ್ಲೇ ಕಣ್ಣು ಒರೆಸಿಕೊಂಡು ಕೆನ್ನೆಯೆಲ್ಲ ನೀಲಿ ಮಾಡಿಕೊಂಡೆ.

ಯೋಜನೆಯ ಹೆಸರಿನ ಫಲಕವನ್ನು ಬಾಗಿಲಲ್ಲಿ ಹಾಕಬೇಕಂತೆ. ಅಚ್ಚು ಹಾಕಿಸಿ ಕಳಿಸುತ್ತೇವೆ ಎಂದರು, ಬೇಡ ಎಂದೆ. ನಾನೇ ಬರೆಯುತ್ತೇನೆ, ಕೊನೇ ಬೆಂಚಿಗೆ ಕಾಣುವ ಹಾಗೆ. ಪದ ಬಾಯಿಗೆ ಕಷ್ಟ, ಆದರೆ ಕುಂಚಕ್ಕೆ ಬಹಳ ಚೆನ್ನಾಗಿದೆ. 'ಶ್ಚೇ' ಒಂದಕ್ಕೇ ಅರ್ಧ ದಿನ ಹಿಡಿಯುತ್ತದೆ.

ಗೋಡೆ ಕೆಡವುವುದು ಜೂನ್ ಮೊದಲಿಗೆ. ನಮ್ಮ ಕಿಟಕಿ, ಕಂಬ, ಬಳ್ಳಿ ಎಲ್ಲ ಅದರ ಜೊತೆ ಹೋಗುತ್ತದೆ. ನನಗೆ ಕೈ ಕಡಿದುಕೊಂಡಷ್ಟು ಸಂಕಟವಾಯಿತು. ಮೇಸ್ತ್ರಿಯವರಿಗೆ ಹೇಳಿದರೆ, "ಪರದೆ ಅಂದ್ಮೇಲೆ ಇಳಿಸಲೇಬೇಕಲ್ಲ ಮಗಳೇ. ಹೊಸ ಗೋಡೆ ಬರ್ಲಿ, ಇನ್ನೂ ದೊಡ್ಡ ಆಕಾಶ ಬರೀತೀನಿ" ಅಂದರು. ಅವರಿಗೆ ನಿನ್ನ ಮೇಲೆ ಕೋಪವಿಲ್ಲ. ಕಾಲಿಗೆ ಬೀಳುವುದು ಬೇಡವಂತೆ, ಹೆಗಲು ಹಿಡಿದುಕೊಂಡರೆ ಸಾಕಂತೆ. ಗೋಡೆ ಇಳಿಯುವ ಮುಂಚೆ ನೀನು ಬಂದು ನೋಡಬೇಕು.

ಕೊನೆಯದಾಗಿ ಆ ಹಾಳೆ. ಮೇಡಂ ಅದನ್ನು ನನಗೇ ಕೊಟ್ಟು ಹೋದರು. ನಿರ್ದೇಶಕರ ಕೋಣೆಯಲ್ಲಿ ನಿಂತು, ನಿಜವಾದ ನಾಲ್ಕು ಕಿಟಕಿ ಎಲ್ಲೆಲ್ಲಿವೆ ಎಂದು ತೋರಿಸಲು ನೀನು ಮಾಡಿದ್ದಂತೆ. 'ಸ್ವಲ್ಪ ವಿವರಿಸಿದೆ' ಎಂದೆಯಲ್ಲ, ಇದೇ ಏನು? ಗೆರೆ ಒಂದೂ ನೆಟ್ಟಗಿಲ್ಲ. ಸೂರು ಒಂದು ಕಡೆ ವಾಲಿದೆ. ಮೂಲೆಯಲ್ಲಿರುವುದು ಬೆಂಚೋ ಮೇಕೆಯೋ ಎಂದು ಮೇಸ್ತ್ರಿಯವರು ಕೇಳಿದರು. ಆದರೆ ನಾಲ್ಕೂ ಕಿಟಕಿ ಇರಬೇಕಾದ ಜಾಗದಲ್ಲೇ ಇವೆ. ಮೂರನೆಯದರ ಮುರಿದ ಕೊಂಡಿಯನ್ನೂ ನೀನು ಬಿಟ್ಟಿಲ್ಲ. ಮನೆ ಬಿಟ್ಟು ಇಷ್ಟು ವರ್ಷವಾದರೂ ಯಾವುದನ್ನೂ ಮರೆತಿಲ್ಲ ನೀನು.

ಅದನ್ನು ಅಪ್ಪನ ಕುಂಚಗಳ ಪಕ್ಕದಲ್ಲಿ ತೂಗುಹಾಕಿ, ಕೊನೇ ಬೆಂಚಿಗೆ ಹೋಗಿ ಕೂತು ನೋಡಿದೆ. ಅಲ್ಲಿಂದ ಸರಿಯಾಗಿಯೇ ಕಾಣುತ್ತದೆ. ಪೆನ್ನಿನಲ್ಲಿ ಮಾಡಿದ್ದು ಹೌದು, ಆದರೂ ಅದು ಗೀಚಿದ್ದಲ್ಲ ತಮ್ಮ. ಅದನ್ನು ನೀನು ಬರೆದಿದ್ದೀಯ.

ನಿನ್ನ ಅಕ್ಕ